ಉಸಿರ ಆರೈಕೆ: ಏದುಸಿರಿನ ರೋಗಿಯ ಶುಶ್ರೂಷೆಯ ಚರಿತ್ರೆಗೆ ಕೆಲವು ಜನಪದ ಆಕರಗಳು

ಕನ್ನಡದಲ್ಲಿ ಜನಪದ ವೈದ್ಯವನ್ನು ಕುರಿತು ಕಳೆದ ಐದಾರು ದಶಕಗಳಲ್ಲಿ ನಡೆದಿರುವ ಸಂಗ್ರಹ ಕಾರ್ಯ ಗಾತ್ರದಲ್ಲಿ ಕಡಿಮೆಯದೇನಲ್ಲ. ಜಿಲ್ಲಾವಾರು ಸಂಗ್ರಹಗಳು, ಪಿಎಚ್.ಡಿ. ಮಹಾಪ್ರಬಂಧಗಳು, ನಾಟಿವೈದ್ಯರ ಸಂದರ್ಶನಗಳು ಸಾಕಷ್ಟು ಬಂದಿವೆ. ಇವುಗಳಲ್ಲಿ ಉಬ್ಬಸಕ್ಕೆ ಮೀಸಲಾದ ಪುಟಗಳನ್ನು ತೆರೆದರೆ ಬಹುತೇಕ ಒಂದೇ ಬಗೆಯ ವಿವರ ಕಾಣುತ್ತದೆ: ಯಾವ ಸೊಪ್ಪು, ಎಷ್ಟು ಎಲೆ, ಎಷ್ಟು ಕಾಳುಮೆಣಸು, ಜೇನೋ ಬಿಸಿನೀರೋ, ಎಷ್ಟು ದಿನದ ಪಥ್ಯ. ಆದರೆ ಆ ಮದ್ದು ಅರೆದು ಸಿದ್ಧವಾಗುವವರೆಗೆ ರೋಗಿಯ ಪಕ್ಕದಲ್ಲಿ ಕೂತವರು ಯಾರು, ಮದ್ದು ನಾಟದೆ ಹೋದ ರಾತ್ರಿಗಳಲ್ಲಿ ಅವರು ಏನನ್ನು ನೋಡುತ್ತಿದ್ದರು, ಯಾವ ಲಕ್ಷಣವನ್ನು ಕಂಡು ಗಾಡಿ ಕಟ್ಟಿಸುತ್ತಿದ್ದರು ಎಂಬುದು ಈ ಪುಟಗಳಲ್ಲಿ ಇಲ್ಲ. ವೈದ್ಯ ದಾಖಲಾಗಿದ್ದಾನೆ, ಆರೈಕೆ ದಾಖಲಾಗಿಲ್ಲ. ಇದಕ್ಕೆ ಕಾರಣ ಸರಳ. ನಮ್ಮ ವಕ್ತೃಗಳಲ್ಲಿ ಹೆಚ್ಚಿನವರು ಊರಿಗೆ ಹೆಸರಾದ ಗಂಡಸರು. ರಾತ್ರಿಯಿಡೀ ಬೆನ್ನು ನೀವಿದವರು ಆ ಮನೆಯ ಹೆಂಗಸರು. ಅವರನ್ನು ನಾವು ಹಾಡು ಕೇಳಲು ಹುಡುಕಿಕೊಂಡು ಹೋದೆವು, ಉಸಿರಾಟದ ವಿಷಯ ಕೇಳಲು ಹೋಗಲಿಲ್ಲ.

ಹೀಗಾಗಿ ಉಸಿರಿನ ತೊಂದರೆಯುಳ್ಳ ರೋಗಿಯ ಅವಲೋಕನ ಮತ್ತು ಶುಶ್ರೂಷೆಯ ಚರಿತ್ರೆಯನ್ನು ಬರೆಯಹೊರಟವರಿಗೆ ಒಂದು ಕಡೆ ಆಸ್ಪತ್ರೆಯ ದಾಖಲೆಗಳೂ ಪಠ್ಯಪುಸ್ತಕಗಳೂ ಸಿಗುತ್ತವೆ. ಮನೆಯೊಳಗಿನ ಆರೈಕೆಗೆ ಮಾತ್ರ ನೇರವಾದ ಆಕರವಿಲ್ಲ. ಅದಕ್ಕೆ ಉಳಿದಿರುವುದು ಮುಖ್ಯವಾಗಿ ಭಾಷೆ. ಈ ಲೇಖನದಲ್ಲಿ ಆಡುನುಡಿಯ ಪದಗಳನ್ನೂ ಬಳಕೆಯಲ್ಲಿರುವ ಕೆಲವು ಆಚರಣೆಗಳನ್ನೂ ಆಧುನಿಕ ಶುಶ್ರೂಷೆಯ ಚರಿತ್ರೆಯ ಖಚಿತ ಸಂಗತಿಗಳ ಪಕ್ಕದಲ್ಲಿಟ್ಟು ನೋಡುವ ಪ್ರಯತ್ನ ಮಾಡಲಾಗಿದೆ.

ಮೊದಲಿಗೆ ‘ಆರೈಕೆ’ ಎಂಬ ಪದವನ್ನೇ ಗಮನಿಸಬಹುದು. ಹಳಗನ್ನಡದ ‘ಆರಯ್’ ಧಾತುವಿಗೆ ಹುಡುಕು, ವಿಚಾರಿಸು, ಎಚ್ಚರದಿಂದ ನೋಡು ಎಂಬ ಅರ್ಥಗಳಿವೆ. ಪೋಷಿಸು ಎಂಬ ಅರ್ಥವೂ ಇದೆ. ತಮಿಳಿನಲ್ಲಿ ಇದೇ ಮೂಲದ ‘ಆರಾಯ್’ ಸಂಶೋಧನೆಗೆ ಸಂಬಂಧಿಸಿದ ಪದವಾಗಿ ನಿಂತಿತು, ಕನ್ನಡದಲ್ಲಿ ರೋಗಿಯ ಹಾಸಿಗೆಯ ಬಳಿ ಉಳಿಯಿತು. ಇಂದಿನ ಶುಶ್ರೂಷಾ ಶಿಕ್ಷಣ ರೋಗಿಯ ಸ್ಥಿತಿಯನ್ನು ಅಳೆಯುವುದು ಮತ್ತು ಅದಕ್ಕೆ ತಕ್ಕ ಉಪಚಾರ ಮಾಡುವುದು ಎಂದು ಎರಡು ಹಂತಗಳನ್ನು ಹೇಳುತ್ತದಷ್ಟೆ. ನಮ್ಮ ಪದದಲ್ಲಿ ಆ ಎರಡೂ ಒಂದೇ ಕ್ರಿಯೆ. ‘ಶುಶ್ರೂಷೆ’ ಎಂಬ ಸಂಸ್ಕೃತ ಪದದ ಕಥೆ ಇನ್ನೂ ಕುತೂಹಲಕರ. ಅದು ‘ಶ್ರು’ ಧಾತುವಿನಿಂದ ಬಂದದ್ದು. ಮೂಲಾರ್ಥ ಕೇಳಬೇಕೆಂಬ ಬಯಕೆ. ಗುರುವಿನ ಮಾತನ್ನು ಕೇಳಬೇಕೆಂಬ ಬಯಕೆ ಸೇವೆಯಾಗಿ, ಸೇವೆ ರೋಗಿಯ ಸೇವೆಯಾಗಿ ಅರ್ಥ ಬೆಳೆದಿದೆ. ಉಬ್ಬಸದ ರೋಗಿಯ ವಿಷಯದಲ್ಲಂತೂ ಮೂಲಾರ್ಥವೇ ಹೆಚ್ಚು ನಿಜ. ಅವನ ಪಕ್ಕದಲ್ಲಿರುವವರು ಮಾಡಬೇಕಾದ ಮೊದಲ ಕೆಲಸ ಕಿವಿಗೊಡುವುದು.

ಶಾಸ್ತ್ರಗ್ರಂಥಗಳು ಈ ಪಕ್ಕದಲ್ಲಿರುವವರನ್ನು ಪೂರ್ತಿಯಾಗಿ ಮರೆತಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುವಾಗ ವೈದ್ಯ, ಔಷಧ, ರೋಗಿ ಇವರೊಡನೆ ಪರಿಚಾರಕನನ್ನೂ ಸೇರಿಸುತ್ತದೆ. ಉಪಚಾರದ ತಿಳಿವಳಿಕೆ, ಕೈಚಳಕ, ರೋಗಿಯ ಮೇಲಿನ ಅಕ್ಕರೆ ಹಾಗೂ ಶುಚಿತ್ವ ಇವು ಅವನ ಗುಣಗಳು. ಅದೇ ಗ್ರಂಥದ ಚಿಕಿತ್ಸಾಸ್ಥಾನದಲ್ಲಿ ಶ್ವಾಸರೋಗವನ್ನು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದಾಗಿ ವಿಂಗಡಿಸಲಾಗಿದೆ. ತಮಕಶ್ವಾಸದ ವರ್ಣನೆಯಲ್ಲಿ ರೋಗಿ ಮಲಗಲಾರ, ಕೂತರೆ ಹಾಯೆನಿಸುತ್ತದೆ, ಬಿಸಿಯನ್ನು ಬಯಸುತ್ತಾನೆ, ಮೋಡ ಮಳೆ ಚಳಿ ಮೂಡಣಗಾಳಿಗಳಲ್ಲಿ ಬಾಧೆ ಹೆಚ್ಚುತ್ತದೆ ಎಂಬ ವಿವರಗಳು ಬರುತ್ತವೆ. ಓಲೆಗರಿಯ ಮುಂದೆ ಕೂತವನಿಗೆ ಹೊಳೆಯುವ ವಿವರಗಳಲ್ಲ ಇವು. ರಾತ್ರಿ ಎಚ್ಚರವಿದ್ದವರು ಕಂಡದ್ದು ಶಾಸ್ತ್ರಕಾರನಿಗೆ ತಲುಪಿರಬೇಕು ಎಂಬುದು ನನ್ನ ಊಹೆ.

ಆಡುಕನ್ನಡದಲ್ಲಿ ಉಸಿರಿನ ಬಗೆಗಳನ್ನು ಹೆಸರಿಸುವ ಪದಗಳು ಹೇರಳವಾಗಿವೆ. ಉಬ್ಬಸ, ಗೂರಲು, ದಮ್ಮು ಎಂಬವು ರೋಗದ ಹೆಸರುಗಳು; ಇವುಗಳಲ್ಲಿ ದಮ್ಮು ಪಾರಸಿಯಿಂದ ಉರ್ದುವಿನ ಮೂಲಕ ಬಂದದ್ದು, ಉತ್ತರ ಕರ್ನಾಟಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಆದರೆ ನಮಗೆ ಮುಖ್ಯವಾದವು ರೋಗದ ಹೆಸರುಗಳಲ್ಲ, ಲಕ್ಷಣದ ಹೆಸರುಗಳು. ಓಡಿ ಬಂದವನದು ಏದುಸಿರು. ಕೂತಲ್ಲೇ ಮಾತು ತುಂಡಾಗುವಂತೆ ಬರುವುದು ತೇಕು. ಉಸಿರು ಎದೆಯಿಂದ ಕೆಳಗಿಳಿಯದೆ ಮೇಲೆಮೇಲೆಯೇ ಆಡಿದರೆ ಮೇಲುಸಿರು. ಇದನ್ನು ಹೇಳುವಾಗ ಹಳ್ಳಿಯ ಹಿರಿಯರು ದನಿ ತಗ್ಗಿಸುತ್ತಾರೆ. ಎದೆಯೊಳಗೆ ಸುಂಯ್ ಎನ್ನುವುದು ಬೇರೆ, ಗಂಟಲಲ್ಲಿ ಗೊರಗೊರ ಎನ್ನುವುದು ಬೇರೆ. ಮೂಗಿನ ಹೊಳ್ಳೆ ಅರಳುವುದು, ಗಂಟಲಗುಳಿ ಒಳಕ್ಕೆ ಹೋಗುವುದು, ಮಗುವಿನ ಪಕ್ಕೆ ಸೆಳೆಯುವುದು, ತುಟಿ ನೀಲಿಗಟ್ಟುವುದು, ಉಗುರು ಕಪ್ಪಿಡುವುದು ಇವೆಲ್ಲ ಅಡುಗೆಮನೆಯ ಮಾತುಗಳು. ಶುಶ್ರೂಷಾ ವಿದ್ಯಾರ್ಥಿನಿಯೊಬ್ಬಳು ಇಂದು ಉಸಿರಾಟದ ರೋಗಿಯನ್ನು ನೋಡುವಾಗ ಗುರುತಿಸಬೇಕೆಂದು ಕಲಿಯುವ ಪಟ್ಟಿಯನ್ನು ತೆಗೆದುಕೊಂಡರೆ, ಅಂದರೆ ಉಸಿರಿನ ವೇಗ, ಆಳ, ಲಯ, ಸದ್ದು, ಕತ್ತು ಮತ್ತು ಪಕ್ಕೆಯ ಸ್ನಾಯುಗಳ ಬಳಕೆ, ಚರ್ಮದ ಬಣ್ಣ, ಕೂರುವ ಭಂಗಿ, ಒಂದುಸಿರಿನಲ್ಲಿ ಪೂರ್ತಿ ವಾಕ್ಯ ಆಡಬಲ್ಲನೇ ಎಂಬುದು, ಇವುಗಳಲ್ಲಿ ವೇಗವೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಕನ್ನಡದಲ್ಲಿ ಮೊದಲೇ ಮಾತು ಇತ್ತು. ವೇಗಕ್ಕೆ ಜೋರು, ನಿಧಾನ ಎಂಬ ಮಾತುಗಳಿದ್ದವು, ಎಣಿಕೆ ಇರಲಿಲ್ಲ.

ಈ ಎಣಿಕೆಯ ಪ್ರಶ್ನೆಯ ಬಳಿ ಸ್ವಲ್ಪ ನಿಲ್ಲುವುದು ಅಗತ್ಯ. ಯೋಗಗ್ರಂಥಗಳಲ್ಲಿ ಮನುಷ್ಯ ಹಗಲುರಾತ್ರಿ ಸೇರಿ 21,600 ಬಾರಿ ಉಸಿರಾಡುತ್ತಾನೆ ಎಂಬ ಲೆಕ್ಕವಿದೆ, ಅವಧೂತರ ಮೂಲಕ ಅದು ತತ್ವಪದಕಾರರಿಗೂ ಪರಿಚಿತ. ದಿನದ 1,440 ನಿಮಿಷಗಳಿಗೆ ಹಂಚಿದರೆ ನಿಮಿಷಕ್ಕೆ 15 ಆಗುತ್ತದೆ. ಆರೋಗ್ಯವಂತ ವಯಸ್ಕರ ಉಸಿರಾಟ ನಿಮಿಷಕ್ಕೆ 12ರಿಂದ 20 ಎಂದು ಇಂದಿನ ವೈದ್ಯ ಹೇಳುವುದರ ನಡುವೆಯೇ ಇದು ಬೀಳುತ್ತದೆ. ಆದರೆ ಈ ಲೆಕ್ಕ ಸಾಧಕನಿಗೆ ಸಂಬಂಧಿಸಿದ್ದು, ರೋಗಿಯ ಹಾಸಿಗೆಯವರೆಗೆ ಬರಲಿಲ್ಲ. ಮಕ್ಕಳನ್ನು, ದನಕರುಗಳನ್ನು, ಕಣದ ರಾಶಿಯನ್ನು ಎಣಿಸಬಾರದು, ಎಣಿಸಿದರೆ ದೃಷ್ಟಿಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹುಟ್ಟುವಾಗಲೇ ಉಸಿರು ಲೆಕ್ಕ ಹಾಕಿ ಕೊಟ್ಟದ್ದು ಎನ್ನುವ ಸಮಾಜ ಕಾಯಿಲೆಯವನ ಉಸಿರನ್ನು ಎಣಿಸಲು ಅಂಜಿದ್ದರಲ್ಲಿ ಆಶ್ಚರ್ಯವಿಲ್ಲ.

ಯುರೋಪಿನಲ್ಲಿಯೂ ಎಣಿಕೆ ತಡವಾಗಿಯೇ ಬಂದಿತು. 1698ರಲ್ಲಿ ಉಬ್ಬಸದ ಮೇಲೆ ಸ್ವತಂತ್ರ ಗ್ರಂಥ ಬರೆದ ಇಂಗ್ಲೆಂಡಿನ ಜಾನ್ ಫ್ಲಾಯರ್ ತಾನೇ ಉಬ್ಬಸದ ರೋಗಿ. 1707ರಲ್ಲಿ ಅವನು ನಾಡಿಯನ್ನು ಗಡಿಯಾರವಿಟ್ಟು ಎಣಿಸುವ ಕ್ರಮವನ್ನು ಪ್ರಕಟಿಸಿದ. ಆದರೂ ನಾಡಿ ಮತ್ತು ಜ್ವರದ ಅಳತೆಗೆ ಸಿಕ್ಕ ಮಾನ್ಯತೆ ಉಸಿರಿನ ಎಣಿಕೆಗೆ ಬಹುಕಾಲ ಸಿಗಲಿಲ್ಲ. ಇಂದಿಗೂ ವಾರ್ಡುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವ ಅಳತೆ ಇದೇ ಎಂದು ವೈದ್ಯಕೀಯ ಪತ್ರಿಕೆಗಳು ಬರೆದಿವೆ. ಎಣಿಸುವ ವಿಧಾನದಲ್ಲಿ ಒಂದು ಸ್ವಾರಸ್ಯವಿದೆ. ಉಸಿರನ್ನು ಎಣಿಸುತ್ತಿದ್ದೇವೆಂದು ರೋಗಿಗೆ ತಿಳಿದರೆ ಅವನ ಉಸಿರಿನ ಗತಿಯೇ ಬದಲಾಗುತ್ತದೆ. ಆದ್ದರಿಂದ ದಾದಿಯರಿಗೆ ನಾಡಿ ನೋಡುತ್ತಿರುವಂತೆ ಮಣಿಕಟ್ಟನ್ನು ಹಿಡಿದುಕೊಂಡೇ, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕೆಂದು ಕಲಿಸಲಾಗುತ್ತದೆ. ಎಣಿಸಿದ್ದು ಗೊತ್ತಾಗಬಾರದು ಎಂಬ ಜನಪದರ ಎಚ್ಚರಿಕೆ ಬೇರೆ ಕಾರಣಕ್ಕೆ ಇಲ್ಲಿಯೂ ನಿಲ್ಲುತ್ತದೆ.

ಎಣಿಕೆಯನ್ನು ಹಳ್ಳಿಯ ಹೆಂಗಸರ ಕೈಗೆ ಕೊಟ್ಟ ಪ್ರಸಂಗ ನಮ್ಮ ನೆರೆಯ ಮಹಾರಾಷ್ಟ್ರದ್ದು. 1980ರ ದಶಕದಲ್ಲಿ ಪಪುವಾ ನ್ಯೂಗಿನಿಯಲ್ಲಿ ಫ್ರಾಂಕ್ ಶಾನ್ ಮೊದಲಾದವರ ಅಧ್ಯಯನದಿಂದ ಎಕ್ಸ್-ರೇ, ಸ್ಟೆತಾಸ್ಕೋಪುಗಳಿಲ್ಲದೆಯೇ ಉಸಿರಿನ ವೇಗ ಹಾಗೂ ಪಕ್ಕೆ ಸೆಳೆತಗಳಿಂದ ಮಕ್ಕಳ ನ್ಯುಮೋನಿಯಾವನ್ನು ಶಂಕಿಸಬಹುದು ಎಂಬುದು ಸ್ಪಷ್ಟವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಸರಳ ಸೂತ್ರವಾಗಿಸಿತು: 2 ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, 2ರಿಂದ 12 ತಿಂಗಳವರೆಗೆ 50, 1ರಿಂದ 5 ವರ್ಷದವರೆಗೆ 40, ಉಸಿರು ಇಷ್ಟಾದರೆ ಅಥವಾ ಇದನ್ನು ಮೀರಿದರೆ ಅಪಾಯ. ಗಡಚಿರೋಲಿಯಲ್ಲಿ ಕೆಲಸ ಮಾಡುತ್ತಿದ್ದ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಆರೋಗ್ಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ಈ ಲಕ್ಷಣಗಳನ್ನು ಕಲಿಸಿ, ಮನೆಮನೆಯಲ್ಲಿ ಔಷಧ ಕೊಡಿಸಿದರು. 1990ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ, ಆ ಹಳ್ಳಿಗಳಲ್ಲಿ ನ್ಯುಮೋನಿಯಾದಿಂದಾದ ಮಕ್ಕಳ ಸಾವು ಹೋಲಿಕೆಗೆ ತೆಗೆದುಕೊಂಡ ಹಳ್ಳಿಗಳಲ್ಲಿದ್ದುದರ ಅರ್ಧಕ್ಕಿಂತ ಕಡಿಮೆಯಿತ್ತು. ಅಂಕಿ ಬಾರದ ಸೂಲಗಿತ್ತಿಯರಿಗಾಗಿ ಅವರು ರೂಪಿಸಿದ ಉಸಿರೆಣಿಕೆಯ ಸಾಧನದಲ್ಲಿ ಒಂದು ನಿಮಿಷದ ಮರಳುಗಡಿಯಾರ ಮತ್ತು ಮಣಿಗಳ ಸಾಲುಗಳಿದ್ದವು. ಮರಳು ಮುಗಿಯುವುದರೊಳಗೆ ಗೊತ್ತಾದ ಮಣಿಯನ್ನು ದಾಟಿದರೆ ಕೂಸಿಗೆ ಔಷಧ ಬೇಕು. ಅಲ್ಲಿ ಓದುಬರಹವಿರಲಿಲ್ಲ, ಆದರೆ ನೋಡುವ ಕಣ್ಣು ಮೊದಲೇ ಪಳಗಿತ್ತು. ಶತಮಾನಗಳಿಂದ ಕೂಸುಗಳ ಪಕ್ಕೆಯನ್ನು ನೋಡುತ್ತ ಬಂದಿದ್ದ ಕೈಗೆ ಮಣಿಯೊಂದು ಸೇರಿದ್ದಷ್ಟೇ ಹೊಸದು. ನಮ್ಮ ಜನಪದ ವೈದ್ಯದ ಬರಹಗಳಲ್ಲಿ ಈ ಪ್ರಸಂಗದ ಪ್ರಸ್ತಾಪ ತೀರ ವಿರಳವಾಗಿರುವುದು ವಿಷಾದದ ಸಂಗತಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನು ಮುಚ್ಚಿಡುವುದು ಸಲ್ಲದು. ಪಕ್ಕೆ ಸೆಳೆತವನ್ನು ಸರಿಯಾಗಿ ಗುರುತಿಸಿದ ಅದೇ ಮನೆಗಳಲ್ಲಿ ಅದನ್ನು ಬಾಲಗ್ರಹವೆಂದು ಬಗೆದು ಕೂಸಿನ ಹೊಟ್ಟೆಗೂ ಎದೆಗೂ ಚುಟಿಗೆ ಹಾಕಿಸಿದ್ದುಂಟು. ಕಾಸಿದ ಬಳೆಚೂರಿನ ಅಥವಾ ಕಬ್ಬಿಣದ ಗುರುತನ್ನು ಹೊತ್ತ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಬದುಕಿ ಉಳಿದವರು ಎಂಬುದನ್ನು ಮರೆಯಬಾರದು. ಉಳಿಯದವರ ಗುರುತು ಯಾರ ಸಂಗ್ರಹದಲ್ಲೂ ಇಲ್ಲ. ಜನಪದರ ನೋಟ ಸರಿಯಿತ್ತು, ಕಾರಣ ಕಲ್ಪನೆ ತಪ್ಪಿತ್ತು, ಕ್ರಮ ಕ್ರೂರವಾಗಿತ್ತು. ಈ ಮೂರನ್ನೂ ಬಿಡಿಸಿ ಹೇಳದೆ ಇಡಿಯಾಗಿ ಕೊಂಡಾಡುವುದು ಅಥವಾ ಇಡಿಯಾಗಿ ಮೌಢ್ಯವೆಂದು ತಳ್ಳುವುದು ನಮ್ಮ ಬರಹಗಳಲ್ಲಿ ಅಭ್ಯಾಸವಾಗಿಬಿಟ್ಟಿದೆ.

ರೋಗಿಯನ್ನು ಕೂರಿಸುವ ರೀತಿಯಲ್ಲಿಯೂ ಇಂಥದೇ ಇಬ್ಬಂದಿ ಕಾಣುತ್ತದೆ. ಉಬ್ಬಸದವರು ಕಂಬಳಿಯ ಸುರುಳಿಯನ್ನೋ ಕಾಳಿನ ಮೂಟೆಯನ್ನೋ ಮುಂದಿಟ್ಟುಕೊಂಡು, ಅದರ ಮೇಲೆ ಮೊಳಕೈಯೂರಿ ಬಾಗಿ ರಾತ್ರಿ ಕಳೆಯುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ ದೃಶ್ಯ. ಆಸ್ಪತ್ರೆಯಲ್ಲಿ ದಾದಿಯರು ಹಾಸಿಗೆಯ ಮೇಲೆ ಅಡ್ಡಮೇಜಿಟ್ಟು ದಿಂಬಿನ ಮೇಲೆ ಕೈಯೂರಿಸುವ ಭಂಗಿಯೂ ಇದೇ. ತೋಳು ಊರಿದಾಗ ಹೆಗಲು ಕತ್ತುಗಳ ಸ್ನಾಯುಗಳು ಉಸಿರಿಗೆ ನೆರವಾಗುತ್ತವೆ. ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ ದಿಂಬುಗಳ ವಿಷಯಕ್ಕೆ ಕೊಟ್ಟ ಗಮನ ಇಲ್ಲಿ ನೆನಪಾಗುತ್ತದೆ. ದಿಂಬು ಬೆನ್ನಿಗೆ ಆಸರೆಯಾಗಿ, ಹೆಗಲಿಗೆ ಹಿಂದಕ್ಕೆ ಬೀಳಲು ಎಡೆಗೊಟ್ಟು, ತಲೆಯನ್ನು ಮುಂದಕ್ಕೆ ತಳ್ಳದಂತೆ ಇರಬೇಕೆಂದೂ, ಇದನ್ನು ಕಡೆಗಣಿಸುವುದರಿಂದ ಸಾಯುತ್ತಿರುವವರ ಸಂಕಟ ಬಹಳ ಹೆಚ್ಚುತ್ತದೆಂದೂ ಅವರು ಬರೆದಿದ್ದಾರೆ. ರೋಗಿಗೆ ಚಳಿಯಾಗದಂತೆ ಅವನು ಉಸಿರಾಡುವ ಗಾಳಿಯನ್ನು ಹೊರಗಿನ ಗಾಳಿಯಷ್ಟೇ ಶುದ್ಧವಾಗಿಡುವುದು ಅವರ ಪ್ರಕಾರ ಶುಶ್ರೂಷೆಯ ಮೊದಲ ನಿಯಮ.

ನಮ್ಮ ಮನೆಗಳಲ್ಲಿ ತಪ್ಪಿದ್ದು ಈ ಎರಡನೆಯದರಲ್ಲಿ. ಉಬ್ಬಸದವರು ಬಿಸಿ ಬಯಸುತ್ತಾರೆಂದು ಅವರನ್ನು ಒಲೆಯ ಬಳಿ ಕೂರಿಸಲಾಗುತ್ತಿತ್ತು, ಕಿಟಕಿ ಬಾಗಿಲು ಭದ್ರಪಡಿಸಲಾಗುತ್ತಿತ್ತು. ಬೆಚ್ಚಗೆ ಮಾಡುವ ಒಲೆಯೇ ಹೊಗೆಯನ್ನೂ ಕೊಡುತ್ತಿತ್ತು. ಬೀಡಿ ಸೇದದ ಹೆಂಗಸರಲ್ಲಿ ವರ್ಷಾನುಗಟ್ಟಲೆ ಕೆಮ್ಮು ಕಫ ಕಾಣಿಸಿಕೊಳ್ಳುವುದಕ್ಕೆ ಸೌದೆ ಒಲೆಯ ಹೊಗೆ ಒಂದು ದೊಡ್ಡ ಕಾರಣವೆಂಬುದನ್ನು ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ಮೇಲೆ ನಡೆದ ಅಧ್ಯಯನಗಳೂ ತೋರಿಸಿವೆ. ಈ ಸಂದರ್ಭದಲ್ಲಿ ಊದುಗೊಳವೆಯ ಬಗ್ಗೆ ಒಂದು ಮಾತು. ಇಂಥ ರೋಗಿಗಳಿಗೆ ತುಟಿಗಳನ್ನು ಕಿರಿದಾಗಿಸಿ ನಿಧಾನವಾಗಿ ಉಸಿರು ಬಿಡುವುದನ್ನು ದಾದಿಯರು ಕಲಿಸುತ್ತಾರೆ. ಇದರಿಂದ ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳದೆ ಒಳಗೆ ಸಿಕ್ಕಿದ ಗಾಳಿ ಹೊರಬರುತ್ತದೆ. ಕಲಿಸುವಾಗ ಮೇಣದ ಬತ್ತಿಯ ಜ್ವಾಲೆ ಆರದಂತೆ ಊದುವ ಉದಾಹರಣೆಯನ್ನು ಪಠ್ಯಗಳು ಕೊಡುತ್ತವೆ. ನಲವತ್ತು ವರ್ಷ ಊದುಗೊಳವೆ ಹಿಡಿದ ಅಜ್ಜಿಗೆ ಮೇಣದ ಬತ್ತಿಯ ಹಂಗೇಕೆ? ಅವರಿಗೆ ‘ಕೆಂಡ ಹೊತ್ತಿಕೊಳ್ಳಬೇಕು, ಬೂದಿ ಹಾರಬಾರದು, ಹಾಗೆ ಊದಿ’ ಎಂದರೆ ಸಾಕು. ರೋಗ ತಂದ ಜಾಗದಿಂದಲೇ ಬಂದ ಪಾಠವೆಂಬ ವ್ಯಂಗ್ಯವೂ ಇಲ್ಲಿದೆ.

ಮದ್ದುಗಳ ಬಗ್ಗೆ ಸಂಗ್ರಹಗಳಲ್ಲಿ ಧಾರಾಳವಾಗಿ ಬಂದಿರುವುದರಿಂದ ಎರಡೇ ಮಾತು ಸಾಕು. ಮದಗುಣಿಕೆ ಅಥವಾ ಉಮ್ಮತ್ತಿಯ ಹೊಗೆಯನ್ನು ಉಬ್ಬಸಕ್ಕೆ ಸೇದುವ ಕ್ರಮ ದಕ್ಷಿಣ ಭಾರತದ್ದು. ಮದರಾಸಿನಲ್ಲಿದ್ದ ವೈದ್ಯ ಜೇಮ್ಸ್ ಆಂಡರ್ಸನ್ ಅದನ್ನು ಜನರಲ್ ಜೆಂಟ್ ಎಂಬ ಸೇನಾಧಿಕಾರಿಗೆ ತಿಳಿಸಿದ್ದರಿಂದ 1802ರ ಸುಮಾರಿಗೆ ಅದು ಬ್ರಿಟನ್ನಿಗೆ ಹೋಯಿತು. ಇಪ್ಪತ್ತನೆಯ ಶತಮಾನದಲ್ಲೂ ಉಬ್ಬಸದ ಸಿಗರೇಟುಗಳು ಯುರೋಪಿನ ಔಷಧದಂಗಡಿಗಳಲ್ಲಿದ್ದವು. ಆ ಗಿಡದ ವಿಷ ಪ್ರಾಣಾಂತಿಕ. ಅದರ ಸತ್ವದ ಜಾಡು ಹಿಡಿದು ತಯಾರಾದ ಇಪ್ರಟ್ರೋಪಿಯಂ ಇಂದು ದಾದಿಯರು ಮುಸುಕಿನ ಮೂಲಕ ಕೊಡುವ ಮದ್ದುಗಳಲ್ಲಿ ಒಂದು. ಆಡುಸೋಗೆಯ ಸತ್ವದಿಂದ ಹೊರಟ ಸಂಶೋಧನೆ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್‌ಗೆ ದಾರಿ ಮಾಡಿತು. ಸಂಗ್ರಾಹಕರಿಗೆ ಒಂದು ಎಚ್ಚರಿಕೆಯನ್ನು ಹೇಳಬೇಕು: ‘ಆಡುಮುಟ್ಟದ ಸೊಪ್ಪು’ ಎಂಬ ಹೆಸರು ಒಂದು ಕಡೆ ಆಡುಸೋಗೆಗೂ ಇನ್ನೊಂದು ಕಡೆ ಬೇರೊಂದು ಬಳ್ಳಿಗೂ ಇದೆ. ಗಿಡದ ಮಾದರಿಯಿಲ್ಲದೆ ಹೆಸರನ್ನಷ್ಟೇ ಅಚ್ಚು ಹಾಕುವುದು ಅಪಾಯಕರ. ಇನ್ನು ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ಜೀವಂತ ಮೀನಿನೊಡನೆ ನುಂಗಿಸುವ ಮದ್ದಿಗೆ ನಮ್ಮ ಕಲ್ಯಾಣ ಕರ್ನಾಟಕದಿಂದ ಹೋಗುವವರ ಸಂಖ್ಯೆ ಸಣ್ಣದಲ್ಲ. ಅದರ ಗುಣ ವೈಜ್ಞಾನಿಕವಾಗಿ ಸಿದ್ಧವಾಗಿಲ್ಲ. ಆದರೆ ಮುಂಗಾರಿನ ಮೊದಲ ತಂಪು ಬೀಸುವ, ಉಬ್ಬಸ ಕೆರಳುವ ಹೊತ್ತನ್ನೇ ಈ ಆಚರಣೆ ಆರಿಸಿಕೊಂಡಿದೆ ಎಂಬುದು ಜಾನಪದ ವಿದ್ಯಾರ್ಥಿಯ ಗಮನಕ್ಕೆ ಬರಬೇಕಾದ ಅಂಶ.

ಜನರಿಗೆ ತಮ್ಮ ಲಕ್ಷಣ ತಿಳಿಯುವುದಿಲ್ಲ ಎಂಬ ಆಡಳಿತದ ನಂಬಿಕೆಯನ್ನು ಮೊದಲು ಅಲುಗಿಸಿದ್ದು ನಮ್ಮ ತುಮಕೂರು ಜಿಲ್ಲೆಯಲ್ಲಿ ನಡೆದ ಅಧ್ಯಯನ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅಲ್ಲಿನ ಹಳ್ಳಿ ಪಟ್ಟಣಗಳ ಶ್ವಾಸಕೋಶ ಕ್ಷಯದ ರೋಗಿಗಳನ್ನು ಮಾತನಾಡಿಸಿ 1963ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಬಹುತೇಕ ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು, ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಕೆಮ್ಮಿನ ಔಷಧಿಯ ಸೀಸೆ ಹಿಡಿದು ಹಿಂದಿರುಗಿದವರು ಅವರಲ್ಲಿ ಅನೇಕರು. ಕೊರತೆ ಜನರ ಅರಿವಿನಲ್ಲಿರಲಿಲ್ಲ, ಕೇಳಿಸಿಕೊಳ್ಳುವ ಕಡೆ ಇತ್ತು. ಸ್ಯಾನಟೋರಿಯಮ್ಮುಗಳ ಯುಗವೂ ಆಗ ಮುಗಿಯುತ್ತಿತ್ತು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಸ್ಯಾನಟೋರಿಯಂ ಆ ಯುಗದ ದೊಡ್ಡ ಕುರುಹು. ತೆರೆದ ಗಾಳಿ, ವಿಶ್ರಾಂತಿ, ಪೌಷ್ಟಿಕ ಆಹಾರ, ಎಂದರೆ ಬಹುಮಟ್ಟಿಗೆ ಶುಶ್ರೂಷೆಯೇ ಚಿಕಿತ್ಸೆಯಾಗಿದ್ದ ಕಾಲ ಅದು. 1956ರಲ್ಲಿ ಮದರಾಸಿನಲ್ಲಿ ತೊಡಗಿದ ಪ್ರಯೋಗ ಮನೆಯಲ್ಲಿದ್ದೇ ಔಷಧ ತೆಗೆದುಕೊಂಡವರೂ ಅಷ್ಟೇ ಗುಣವಾಗುತ್ತಾರೆಂದು 1959ರಲ್ಲಿ ತೋರಿಸಿದ ಮೇಲೆ ಆರೈಕೆ ಮತ್ತೆ ಮನೆಯ ಹೆಂಗಸರ ಪಾಲಿಗೆ ಬಂದಿತು.

ಆಧುನಿಕ ತೀವ್ರ ನಿಗಾ ಘಟಕದ ಹುಟ್ಟೂ ಕೈಕೆಲಸದಲ್ಲೇ ಆಯಿತೆಂಬುದನ್ನು ಇಲ್ಲಿ ಸೇರಿಸಬಹುದು. 1952ರ ಪೋಲಿಯೋ ಪಿಡುಗಿನಲ್ಲಿ ಕೋಪನ್‌ಹೇಗನ್ನಿನ ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ಯಂತ್ರದ ಉಸಿರಿಗೆ ಒಳಪಟ್ಟ ಮೊದಲ 31 ಜನರಲ್ಲಿ 27 ಮಂದಿ ತೀರಿಕೊಂಡಿದ್ದರು. ಆಗಸ್ಟ್ 27ರಂದು ಬ್ಯೋರ್ನ್ ಇಬ್ಸೆನ್ 12 ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ಕೊಳವೆಯಿಟ್ಟು ಚೀಲ ಒತ್ತಿ ಉಸಿರಾಡಿಸಿದರು. ಅನಂತರ ತಿಂಗಳುಗಟ್ಟಲೆ ಸುಮಾರು 1,500 ವಿದ್ಯಾರ್ಥಿಗಳು ಸರದಿಯಲ್ಲಿ ಕೂತು, ದಾದಿಯರ ಜೊತೆಯಲ್ಲಿ, ಒಬ್ಬೊಬ್ಬ ರೋಗಿಗೂ ಕೈಯಿಂದಲೇ ಉಸಿರು ಕೊಟ್ಟರು.

ಕೊನೆಯದಾಗಿ ಪದಕೋಶಕ್ಕೆ ಇತ್ತೀಚೆಗೆ ಸೇರಿದ ಒಂದು ಮಾತು. ಜಪಾನಿನ ತಕುವೊ ಅಓಯಾಗಿ 1970ರ ದಶಕದ ಮೊದಲಲ್ಲಿ ತತ್ವ ಕಂಡುಕೊಂಡ ಆಕ್ಸಿಮೀಟರು 2020-21ರ ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ನಮ್ಮ ಹಳ್ಳಿಗಳಿಗೆ ಬಂದಿತು. ‘ಸ್ಯಾಚುರೇಷನ್ ಎಷ್ಟಿದೆ?’ ಎಂಬ ಪ್ರಶ್ನೆ ಕಟ್ಟೆಯ ಮಾತಾಯಿತು, ‘ಬೋರಲು ಮಲಗಿಸಿ’ ಎಂಬುದು ಉಪಚಾರವಾಯಿತು. ಆ ರೋಗದಲ್ಲಿ ಕೆಲವರಿಗೆ ರಕ್ತದಲ್ಲಿ ಆಮ್ಲಜನಕ ತೀರ ಇಳಿದಿದ್ದರೂ ತೇಕು ಇರುತ್ತಿರಲಿಲ್ಲ, ನಗುತ್ತ ಮಾತಾಡುತ್ತಿದ್ದರು. ನಮ್ಮ ಅಷ್ಟೂ ಪದಸಂಪತ್ತಿನಲ್ಲಿ ಇಂಥ ಮೌನವಾದ ಉಸಿರುಗೇಡಿಗೆ ಹೆಸರಿರಲಿಲ್ಲ. ನೋಡುವ ಕಣ್ಣಿಗೆ ಅದು ಸಿಕ್ಕದೆಯೇ ಹೋಯಿತು. ಇತ್ತ ಸಾಧನವೂ ನಿರ್ದುಷ್ಟವಲ್ಲ. ಕಪ್ಪು ಚರ್ಮದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಿ ಕೊರತೆಯನ್ನು ಮರೆಮಾಚುವ ಪ್ರಮಾಣ ಬಿಳಿಯರಲ್ಲಿರುವುದರ ಸುಮಾರು ಮೂರು ಪಟ್ಟು ಎಂದು 2020ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಯನವೊಂದು ವರದಿ ಮಾಡಿತು. ಬೆರಳಿಗೆ ಸಿಕ್ಕಿಸಿದ ಯಂತ್ರ 95 ಎಂದು ತೋರಿಸುತ್ತಿರುವಾಗಲೂ ಗಂಟಲಗುಳಿ ಬೀಳುತ್ತಿದೆಯೇ ಎಂದು ನೋಡುವ ದಾದಿ ಬೇಕಾಗುತ್ತಾಳೆ. ಆಕೆ ಸಂಬಂಧಿಕರನ್ನು ಕೇಳಬೇಕಾದ ಪ್ರಶ್ನೆಗಳು ಕನ್ನಡದ ಯಾವ ಮಾತಿನಲ್ಲಿರಬೇಕು, ಬೀದರಿನಲ್ಲಿ ಯಾವುದು, ಕೊಳ್ಳೇಗಾಲದಲ್ಲಿ ಯಾವುದು ಎಂಬ ಪಟ್ಟಿ ಇನ್ನೂ ಆಗಿಲ್ಲ. ‘ಪಕ್ಕೆ ಸೆಳೆತ’ ಎಂಬ ಒಂದು ಮಾತು ಆರೋಗ್ಯ ಶಿಕ್ಷಣದ ಸಾಮಗ್ರಿಯಲ್ಲಿ ನೆಲೆಯೂರಿದೆ. ಮೇಲುಸಿರು, ತೇಕು, ಗೊರಗೊರಗಳು ಹೊರಗೇ ಇವೆ.